ಹೆಸರು ಹಿಡಿದು ಕರೆಯದ ಮನೆ

ಆ ದಿನ ನಾನು ಗೋಧಿಗೆ ಔಡಲೆಣ್ಣೆ ಸವರುತ್ತ ಕೂತಿದ್ದೆ. ಅಹಮದಾಬಾದಿಗೆ ಬಂದ ಮೇಲೆ ಕಲಿತ ಕೆಲಸ ಅದು. ಬೇಸಿಗೆ ಬಂತೆಂದರೆ ಇಲ್ಲಿಯವರು ವರ್ಷದ ಗೋಧಿಯನ್ನು ಒಮ್ಮೆಗೇ ತಂದು, ಹಸನು ಮಾಡಿ, ಹುಳ ಹಿಡಿಯದಂತೆ ಎಣ್ಣೆ ಸವರಿ ಡಬ್ಬಿಗೆ ತುಂಬಿಡುತ್ತಾರೆ. ಬಂದ ಹೊಸದರಲ್ಲಿ ನಾನು ನಕ್ಕಿದ್ದೆ. ಮಳೆಗಾಲದಲ್ಲಿ ನಮ್ಮ ಡಬ್ಬಿಗೆ ನುಸಿ ಬಿದ್ದಾಗ ನಗು ನಿಂತಿತು. ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಭೂಕಂಪಕ್ಕೆ ಬಿರುಕು ಬಿಟ್ಟು ಪುಟ್ಟಿ ಮೆತ್ತಿಸಿಕೊಂಡಿದ್ದ ಗೋಡೆಗೆ ಬೆನ್ನು ಕೊಟ್ಟು, ಹಳೆ ಸೀರೆ ಹಾಸಿ ಅದರ ಮೇಲೆ ಗೋಧಿ ಹರವಿ, ಮೊಣಕೈವರೆಗೂ ಎಣ್ಣೆ ಮಾಡಿಕೊಂಡಿದ್ದಾಗ ಫೋನು ಬಂತು.

ನಮ್ಮವರ ಬ್ಯಾಂಕಿನಿಂದ. "ಭಾಭೀಜಿ, ಸಾಹೇಬರು ಕುರ್ಚಿಯಿಂದ ಜಾರಿದರು. ಎಡಗೈ ಎತ್ತೋಕೆ ಆಗ್ತಾ ಇಲ್ಲ. ಆಸ್ಪತ್ರೆಗೆ ಕರಕೊಂಡು ಹೊರಟಿದ್ದೀವಿ" ಎಂದು ಯಾರೋ ಹಿಂದಿಯಲ್ಲಿ ಹೇಳಿದರು. ಎಣ್ಣೆ ಕೈಯಿಂದ ರಿಸೀವರು ಜಾರಿ ಗೋಧಿಯ ರಾಶಿಯಲ್ಲಿ ಬಿತ್ತು. ಅದರೊಳಗಿಂದ "ಭಾಭೀಜಿ, ಭಾಭೀಜಿ" ಎಂದು ಕರೆಯುತ್ತಲೇ ಇತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನ್ನ ಮೈಯೆಲ್ಲ ಔಡಲೆಣ್ಣೆಯ ವಾಸನೆ. ಪಕ್ಕದಲ್ಲಿ ಕೂತಿದ್ದ ಗುಜರಾತಿ ಹೆಂಗಸಿನ ಬೆರಳ ಸಂದಿಯಲ್ಲಿ ರೋಟಲಿಯ ಹಿಟ್ಟು ಒಣಗಿ ಬಿರಿದಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ಯಾವುದರ ನಡುವೆ ಎದ್ದು ಬಂದೆವೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

"ನಿಮ್ಮವರಿಗೆ ಯಾವ ಕಡೆ?" ಎಂದಳು.

"ಎಡಕ್ಕೆ."

"ನಮ್ಮವರಿಗೆ ಬಲಕ್ಕೆ. ಬಾಯಿಯೂ ಸೊಟ್ಟಗಾಗಿದೆ."

ಅವಳೇ ಹಂಸಾಬೆನ್. ಗಂಡ ರಮಣಭಾಯ್, ಸೂರತ್ತಿನಿಂದ ಸೀರೆ ತರಿಸಿ ಮಾರುವವರು. ಮಾತಾಡುತ್ತ ಹೋದಂತೆ ಅವರ ಮನೆ ನಮ್ಮ ಸೊಸೈಟಿಯ ಕಾಂಪೌಂಡಿಗೆ ಹತ್ತಿಕೊಂಡೇ ಇದೆಯೆಂದೂ, ಅವಳ ಅಡುಗೆಮನೆಯ ಗ್ಯಾಲರಿ ನನ್ನದಕ್ಕೆ ಎದುರೆಂದೂ ತಿಳಿಯಿತು. ಇಷ್ಟು ವರ್ಷ ಒಬ್ಬರ ಕುಕ್ಕರಿನ ಸೀಟಿ ಒಬ್ಬರು ಕೇಳಿದವರು ಮುಖ ನೋಡಿದ್ದು ಅಲ್ಲಿ. ಅವಳು ತನ್ನ ಜಪಮಾಲೆ ತಿರುಗಿಸಿದಳು, ನಾನು ನನ್ನ ಸ್ತೋತ್ರ ಹೇಳಿಕೊಂಡೆ. ನಡುವೆ ಅವಳ ಅಕ್ಕ ತಂದ ಥೇಪಲಾ ರೊಟ್ಟಿಯನ್ನು ಹಂಚಿಕೊಂಡು ತಿಂದೆವು. ಹಸಿವಾಗಿದ್ದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ದೇವರ ದಯೆ, ನಮ್ಮವರು ಬೇಗ ಎದ್ದರು. ಮೊದಲು ಬೆರಳಾಡಿದವು, ಆಮೇಲೆ ಕೈ, ಆಮೇಲೆ ಗೋಡೆ ಹಿಡಿದು ನಡಿಗೆ. ಮನೆಗೆ ಬಂದವರೇ ಸ್ನಾನ ಮಾಡಿ, ಮಡಿ ಉಟ್ಟು ದೇವರ ಮುಂದೆ ಕೂತರು. ಎಡಗೈಯಲ್ಲಿ ಗಂಟೆ ಹಿಡಿದಾಗ ಅದು ಒಂದು ಸಲ ತಡವರಿಸಿತು, ಮತ್ತೆ ನೆಟ್ಟಗೆ ಬಾರಿಸಿತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ರಮಣಭಾಯಿಗೆ ಬಲಗೈ ಬರಲಿಲ್ಲ, ಬಲಗಾಲೂ ಬರಲಿಲ್ಲ. ಗ್ಯಾಲರಿಯ ಕುರ್ಚಿಗೆ ಅವರನ್ನು ತಂದು ಕೂಡಿಸಬೇಕು, ಎತ್ತಿ ಒಳಗೆ ಒಯ್ಯಬೇಕು.

ನಮ್ಮವರು ಸಂಜೆ ವಸ್ತ್ರಾಪುರದ ಕೆರೆಯ ಕಡೆ ನಡೆದು ಹೋಗುವಾಗ ಹಂಸಾಬೆನ್ ಎದುರಿನಿಂದ ಅವರ ಕಾಲನ್ನೇ ನೋಡುತ್ತಿದ್ದಳು. "ಸುಶೀಲಾಬೆನ್, ನಿಮ್ಮ ಭಗವಾನ್ ನಿಮ್ಮ ಮಾತು ಕೇಳ್ತಾನೆ. ನನ್ನ ಭಗವಾನನಿಗೆ ಕಿವಿ ಮಂದ" ಎಂದಳು ಒಂದು ಸಲ. ನಾನು ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ಹಿಡಿದು ನಮ್ಮವರ ದೃಷ್ಟಿ ತೆಗೆದೆ. ನನ್ನನ್ನು ಕಂಡು ಇನ್ನೊಬ್ಬರು ಹೊಟ್ಟೆಕಿಚ್ಚು ಪಡುವುದು ನನಗೆ ಹೊಸದು. ಸುಳ್ಳು ಯಾಕೆ ಹೇಳಲಿ, ಅದು ಚೆನ್ನಾಗಿಯೂ ಇತ್ತು.

ಬ್ಯಾಂಕಿಗೆ ಅವರು ಮರಳಲಿಲ್ಲ, ಅವಧಿಗೆ ಮುಂಚೆ ನಿವೃತ್ತಿ ತಗೊಂಡರು. ಮರುವರ್ಷದ ಹೊತ್ತಿಗೆ ಸಣ್ಣ ಸಣ್ಣ ತಪ್ಪು ಶುರುವಾದವು. ಒಂದು ಮಹಡಿ ಕೆಳಗಿನ ಮನೆಗೆ ಹೋಗಿ ಸೋಫಾದ ಮೇಲೆ ಕೂತು ಅವರ ಪೇಪರು ಓದಿದರು. ಆ ಮನೆಯವರು ಒಳ್ಳೆಯವರು, ಚಹಾ ಕೊಟ್ಟು, ನಗುತ್ತ ಮೇಲೆ ಕರಕೊಂಡು ಬಂದು ಬಿಟ್ಟರು. ಎಲ್ಲ ಮಹಡಿಯ ಬಾಗಿಲೂ ಒಂದೇ ತರ, ಯಾರಿಗಾದರೂ ಆಗುತ್ತದೆ ಎಂದೆ ನಾನು. ಇವತ್ತು ಯಾವ ತಿಥಿ ಎಂದು ಕೇಳುವರು, ಹೇಳಿದರೆ ತಲೆಯಾಡಿಸುವರು, ಮಜ್ಜಿಗೆ ಅನ್ನ ಕಲಸುವುದರೊಳಗೆ ಮತ್ತೆ ಕೇಳುವರು. ಬೂಟು ಕೈಯಲ್ಲಿ ಹಿಡಿದು, ಅದನ್ನು ಏನು ಮಾಡಬೇಕೆಂದು ತಿಳಿಯದೆ ನೋಡುತ್ತ ಕೂಡುವರು.

ಮಗಳು ಪಲ್ಲವಿ ಆಗ ಕಾಲೇಜಿನಲ್ಲಿದ್ದಳು. "ಅಮ್ಮಾ, ಅಪ್ಪ ಓಕೆ ಇಲ್ಲ. ಡಾಕ್ಟರ್‌ಗೆ ತೋರ್ಸೋಣ" ಎಂದಳು.

"ಏನಾಗೇದ ನಿಮ್ಮಪ್ಪಗ? ಬೆಳಿಗ್ಗೆ ಪೂಜಾದಾಗ ಒಂದ ಅಕ್ಷರ ತಪ್ಪಂಗಿಲ್ಲ. ನಿನಗ ನಾಕು ಸಾಲು ಬರ್ತದೇನು?" ಎಂದು ಅವಳ ಬಾಯಿ ಮುಚ್ಚಿಸಿದೆ.

ಆದರೂ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಗುಜರಾತಿ ಡಾಕ್ಟರು, ಸಮಾಧಾನದವರು. ಅವರು ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವನ್ನೇ ಕೇಳಿದರು. ನಮ್ಮವರು ಆ ಶಬ್ದಗಳನ್ನು ಬಿಟ್ಟು, ಚಿಕ್ಕಂದಿನಲ್ಲಿ ಗದಗಿನಲ್ಲಿ ಅಜ್ಜನ ಮುಂದೆ ಕೂತು ಕಲಿತ ಸ್ತೋತ್ರ ಶುರು ಮಾಡಿದರು. ನಿಲ್ಲಿಸದೆ, ಉಸಿರು ತಪ್ಪದೆ ಹೇಳಿದರು. ಬಾಗಿಲಲ್ಲಿದ್ದ ನರ್ಸು ಕೈ ಮುಗಿದಳು. ನಾನು ಉಬ್ಬಿಹೋದೆ. ಆಮೇಲೆ ಡಾಕ್ಟರು ನನ್ನತ್ತ ತೋರಿಸಿ, "ಇವರು ಯಾರು?" ಎಂದರು.

"ನಮ್ಮ ಮನೆಯವರು."

"ಹೆಸರು?"

ನಮ್ಮವರು ತಲೆ ತಗ್ಗಿಸಿ ಸಣ್ಣಗೆ ನಕ್ಕರು. ನಾನೂ ನಕ್ಕು, ಸೆರಗು ಸರಿಮಾಡಿಕೊಂಡು, "ಡಾಕ್ಟರ್‌ ಸಾಹೇಬ್, ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯೋದಿಲ್ಲ" ಎಂದೆ. ಡಾಕ್ಟರೂ ನಕ್ಕರು. ಆರು ತಿಂಗಳಿಗೆ ಮತ್ತೆ ಬನ್ನಿ ಎಂದು ಬರೆದುಕೊಟ್ಟರು. ನಾವು ಹೋಗಲಿಲ್ಲ. ಇಷ್ಟು ಬಾಯಿಪಾಠ ಇರುವವರಿಗೆ ಮರೆವಿನ ಔಷಧಿ ಯಾತಕ್ಕೆ?

ನಿಜವೇ, ಮದುವೆಯಾದ ದಿನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಒಮ್ಮೆ ನನ್ನ ಹೆಸರು ಹೇಳಿದ್ದು ಬಿಟ್ಟರೆ, ಅವರ ಬಾಯಲ್ಲಿ ನಾನು "ಏ ಇವಳ". ನನ್ನ ಬಾಯಲ್ಲಿ ಅವರು "ಕೇಳಿದ್ರೇನು". ಮನೆ ಅದರಲ್ಲೇ ನಡೆದಿತ್ತು.

ಎದುರಿನ ಗ್ಯಾಲರಿಯಲ್ಲಿ ಹಾಗಲ್ಲ. ರಮಣಭಾಯಿಗೆ ಮಾತು ತೊದಲುತ್ತಿದ್ದರೂ ಗಂಟಲು ಗಟ್ಟಿ. ಬೆಳಗಾದರೆ ಸಾಕು, "ಹಂಸಾ! ಚಾ ಠಂಡೀ ಛೆ! ಏ ಹಂಸಾ, ಮಾರಾ ಚಶ್ಮಾ ಕ್ಯಾಂ ಛೆ?" ಚಹಾ ಆರಿತು, ಕನ್ನಡಕ ಎಲ್ಲಿ, ಷೇರಿನ ಪುಟ ಯಾಕೆ ಮಡಿಚಿದೆ, ದಾಲ್‌ಗೆ ಬೆಲ್ಲ ಯಾಕೆ ಕಡಿಮೆ. ಇಡೀ ಸೊಸೈಟಿಗೆ ಕೇಳುವ ಹಾಗೆ ಹೆಂಡತಿಯ ಹೆಸರು. ಹಂಸಾಬೆನ್ ಒಣಹಾಕುವ ಬಟ್ಟೆ ಹಿಡಿದು ನನ್ನ ಕಡೆ ತಿರುಗಿ, "ನೋಡಿ ಬೆನ್, ಕೈಕಾಲು ಹೋಯ್ತು, ನಾಲಿಗೆಗೆ ಏನೂ ಆಗಲಿಲ್ಲ. ನಿಮ್ಮ ಮನೇಲಿ ಎಷ್ಟು ಶಾಂತಿ!" ಎನ್ನುವಳು.

ಆ ಶಾಂತಿ ದಿನೇ ದಿನೇ ದಪ್ಪವಾಗುತ್ತ ಹೋಯಿತು. ನಮ್ಮವರು ಬೈಯುವುದು ನಿಂತಿತ್ತು. ಸಾರಿಗೆ ಉಪ್ಪಿಲ್ಲದಿದ್ದರೂ ಉಂಡರು. "ಏ ಇವಳ" ಕೂಡ ನಿಂತಿತು. ಒಂದು ದಿನ ನೀರಿನ ಲೋಟ ಕೊಟ್ಟರೆ, "ನಿಮಗ್ಯಾಕ ತ್ರಾಸು" ಎಂದರು, ಬಂದವರ ಮನೆಯ ಹೆಂಗಸಿಗೆ ಹೇಳುವ ಮರ್ಯಾದೆಯಲ್ಲಿ. ಚೇಷ್ಟೆ ಅಂದುಕೊಂಡೆ. ಚೇಷ್ಟೆಯ ಮುಖ ಅಲ್ಲವೆಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಎದುರಿನಿಂದ "ಹಂಸಾ!" ಎಂದು ಕೂಗು ಬಂದಾಗ ನಾನು ಅಡುಗೆಮನೆಯ ಕಿಟಕಿ ದಢಾರನೆ ಮುಚ್ಚಿದೆ. ಹೊತ್ತು ಮೀರಿ ಆರಿದ ಚಹಾಕ್ಕೆ ಬೈಸಿಕೊಳ್ಳುವ ಆ ಹೆಂಗಸಿನ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಎಂಥದೆಂದರೆ, ಒಗ್ಗರಣೆಯ ಸಾಸಿವೆ ಸೀದು ಕರಕಲಾದದ್ದು ಮೂಗಿಗೆ ಬರಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು. ನಾನು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಎದುರಿನಿಂದ ರಮಣಭಾಯಿಯ ಕೂಗು: "ಹಂಸಾ! ಓ ಹಂಸಾ! ಬ್ಯಾಂಕ್‌ವಾಳಾ ಭಾಯ್ ಜಾಯ್ ಛೆ! ಏಕಲಾ ಜಾಯ್ ಛೆ!" ಒಬ್ಬರೇ ಹೋಗುತ್ತಿದ್ದಾರೆ ಎಂದು. ಹಂಸಾಬೆನ್ ಚಪ್ಪಲಿಯೂ ಇಲ್ಲದೆ ಓಡಿಬಂದು ನನ್ನ ಬಾಗಿಲು ಬಡಿದಳು. ದೇವರ ಗೂಡು ನೋಡಿದೆ. ಖಾಲಿ.

ಇಲ್ಲಿ ಒಂದು ಮಾತು ಹೇಳಬೇಕು. ಬ್ಯಾಂಕಿನವರ ಸಂಸಾರ ಎಂದರೆ ವರ್ಗ. ಊರಿಂದೂರಿಗೆ ಸಾಮಾನು ಲಾರಿಯಲ್ಲಿ ಹೋಗುತ್ತದೆ, ದೇವರ ಪೆಟ್ಟಿಗೆ ಮಾತ್ರ ಹೋಗುವುದಿಲ್ಲ. ಅದರಲ್ಲಿ ತಲೆಮಾರುಗಳಿಂದ ಬಂದ ಸಾಲಿಗ್ರಾಮಗಳಿದ್ದವು. ಎಲ್ಲ ವರ್ಗದಲ್ಲೂ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಕೂತವರು, ನೀರು ಕುಡಿಯಲೂ ಕೆಳಗಿಡದವರು.

ಕೆರೆಯ ಹತ್ತಿರದ ಬೆಂಚಿನ ಮೇಲೆ ಸಿಕ್ಕರು. ಪೆಟ್ಟಿಗೆ ತೊಡೆಯ ಮೇಲೆ, ಎರಡೂ ಕೈ ಪೆಟ್ಟಿಗೆಯ ಮೇಲೆ. ನಾನು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತೆ.

"ಎಲ್ಲಿಗೆ ಹೊರಟೀರಿ?"

"ಟ್ರಾನ್ಸ್‌ಫರ್ ಆಗೇದರಿ. ಲಾರಿ ಮುಂದ ಹೋತು. ದೇವರನ್ನ ಮಾತ್ರ ನಾನ ಒಯ್ಯಬೇಕು."

"ಹೋಗೋಣಲ್ಲ ಮತ್ತ. ಏಳ್ರಿ."

"ಇಲ್ರಿ, ನಮ್ಮ ಮನಿಯಾಕಿ ಬರಬೇಕು. ಅಕಿನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಅಕಿಗೆ ಈ ಊರಿನ ಭಾಷಾನೂ ಬರಂಗಿಲ್ಲ" ಎಂದು ದಾರಿಯ ತುದಿಯನ್ನೇ ನೋಡಿದರು.

ನಾನು ಪಕ್ಕದಲ್ಲೇ ಇದ್ದೆ. ಅವರು ಕಾಯುತ್ತಿದ್ದದ್ದು ಇನ್ಯಾರಿಗೋ. ಇಷ್ಟು ಪ್ರೀತಿಯಿಂದ ದಾರಿ ನೋಡಿಸಿಕೊಳ್ಳುತ್ತಿದ್ದ ಆ ಮನಿಯಾಕಿ ನಾನೇ ಹೌದು, ಆದರೆ ನಾನಲ್ಲ. ಹಂಸಾಬೆನ್‌ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಕಿಚ್ಚು ನನಗೆ ಆ ಮನಿಯಾಕಿಯ ಮೇಲೆ ಬಂತು. "ಆಕಿ ಮನ್ಯಾಗ ಅಡಿಗಿ ಮಾಡಿ ಕಾಯ್ಲಿಕ್ಕೆ ಹತ್ಯಾಳ್ರಿ, ನಡೀರಿ" ಎಂದೆ. ಆ ಮಾತಿಗೆ ಒಮ್ಮೆಗೇ ಎದ್ದರು.

ಪಲ್ಲವಿಯನ್ನೂ ಕರಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆವು. ಈ ಸಲ ಅವರು ನಗಲಿಲ್ಲ. ನಾನು ಮತ್ತೆ ನಮ್ಮ ಪದ್ಧತಿಯ ಮಾತು ತೆಗೆದಾಗ, "ಬಾಯಲ್ಲಿ ಹೇಳೋದು ಬೇಡ ಬೆನ್. ಬರೀಲಿ" ಎಂದು ನಮ್ಮವರ ಕೈಗೆ ಪೆನ್ನು ಕೊಟ್ಟರು. ನಮ್ಮವರಿಗೆ ಪೆನ್ನು ಸಿಕ್ಕಿದ್ದು ಖುಷಿಯಾಯಿತು. ಹಾಳೆಯನ್ನು ನೆಟ್ಟಗೆ ಮಾಡಿಕೊಂಡು, ಕನ್ನಡಕ ಸರಿಸಿ, ಕೆಳಗಿನ ಮೂಲೆಯಲ್ಲಿ ತಮ್ಮ ಸಹಿ ಹಾಕಿದರು. ಬ್ಯಾಂಕಿನಲ್ಲಿ ಹಾಕುತ್ತಿದ್ದ ಅದೇ ಸಹಿ, ಕೊನೆಗೆ ಎಳೆಯುವ ಗೆರೆಯೂ ಸೇರಿ. ಹಾಳೆ ನನಗೆ ಕೊಟ್ಟು, "ಮುಂದಿನ ಕೌಂಟರಿಗೆ ಹೋಗ್ರಿ" ಎಂದರು. ಪಲ್ಲವಿ ಎದ್ದು ಹೊರಗೆ ಹೋದಳು.

ತಲೆಯ ಫೋಟೋವನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದರು. ಅಂದು ಹೊಡೆದ ಲಕ್ವ ಇದು. ಅದರ ಸುತ್ತಮುತ್ತ ಗೋಧಿಕಾಳಿಗಿಂತ ಸಣ್ಣ ಚುಕ್ಕೆಗಳು, ಅವು ಆಮೇಲೆ, ಯಾರಿಗೂ ತಿಳಿಯದಂತೆ ಬಂದವು. ಲಕ್ವ ಹೊಡೆದವರಲ್ಲಿ ಕೈಕಾಲು ಸರಿಹೋದರೂ ಹೀಗೆ ಒಳಗಿಂದೊಳಗೆ ಬುದ್ಧಿ ಸವೆಯುವುದುಂಟು, ಎಲ್ಲರಿಗೂ ಆಗುವುದಿಲ್ಲ ಎಂದರು. "ಮೊದಲೇ ಬಂದಿದ್ದರೆ?" ಎಂದೆ. "ಬಿ.ಪಿ.ಯನ್ನ ಇನ್ನಷ್ಟು ಬಿಗಿ ಹಿಡಿಯಬಹುದಿತ್ತು. ಈಗಲೂ ಹಿಡಿಯೋಣ" ಎಂದರು. ಅಷ್ಟೇ ಹೇಳಿದರು. ಬೈಯಲಿಲ್ಲ. ಅದನ್ನೂ ಒಂದು ಕೃಪೆಯೆಂದೇ ಇಟ್ಟುಕೊಂಡಿದ್ದೇನೆ.

ಇದನ್ನು ಓದುವವರಲ್ಲಿ ನನ್ನಂಥವರು ಇರಬಹುದು. ನಿಮ್ಮ ಮನೆಯಲ್ಲೂ ಹೆಸರು ಹಿಡಿದು ಕರೆಯುವ ರೂಢಿ ಇಲ್ಲದಿದ್ದರೆ, ಲಕ್ವ ಹೊಡೆದು ಎದ್ದವರನ್ನು ಆಗಾಗ ಬೇರೆ ಏನಾದರೂ ಕೇಳಿ. ನಿನ್ನೆ ಏನು ಉಂಡಿರಿ, ಯಾರು ಬಂದಿದ್ದರು ಎಂದು ಕೇಳಿ. ಸ್ತೋತ್ರ ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ತಳದಲ್ಲಿ ಕೂತಿರುತ್ತದೆ, ಕಡೆಯವರೆಗೂ ಬರುತ್ತದೆ.

ಸುದ್ದಿ ತಿಳಿದು ವಡೋದರಾದಿಂದ ಮೈದುನ ಶ್ರೀನಿವಾಸ ಬಂದ. ಅವನದು ವಿಮಾ ಕಚೇರಿಯ ನೌಕರಿ. ಮಾತು ಕಡಿಮೆ, ಆಚಾರ ಹೆಚ್ಚು.

"ವೈನಿ, ದೇವರ ಪೆಟ್ಟಿಗಿ ನಾ ಒಯ್ತೀನಿ. ಅಣ್ಣ ಎಲ್ಲೆರೆ ಕೆರಿಯಾಗ ಹಾಕಿ ಬಂದ್ರ ಏನು ಗತಿ? ಪೂಜಾದಾಗ ತಪ್ಪಾದ್ರ ಮನಿಗೆ ಛಲೋ ಅಲ್ಲ."

ಅವನ ಮಾತು ಸರಿಯೇ. ಸಾಲಿಗ್ರಾಮ ನಾನು ಮುಟ್ಟುವಂತಿಲ್ಲ, ಮನೆಯಲ್ಲಿ ಬೇರೆ ಗಂಡಸಿಲ್ಲ. ಆದರೆ ದಿನದಲ್ಲಿ ನಮ್ಮವರು ನಮ್ಮವರಾಗಿ ಇರುತ್ತಿದ್ದದ್ದು ಆ ಒಂದು ಗಳಿಗೆ ಮಾತ್ರ. ಪೆಟ್ಟಿಗೆ ಹೋದರೆ ಬೆಳಗಿನ ಹೊತ್ತೂ ಅವರು ಬೂಟು ಹಿಡಿದು ಕೂಡುವವರೇ. ನನಗೆ ವಡೋದರಾದ ವಾರಗಿತ್ತಿಯ ಮೇಲೂ ಸಂಕಟ. ಅವಳಿಗೆ ಬೈಯುವ ಗಂಡನೂ ಇದ್ದ, ಈಗ ದೇವರೂ ಅವಳ ಮನೆಗೆ. ದೇವರ ಮೇಲಂತೂ ಹೇಳಲೇಬಾರದಷ್ಟು. ಅವನ ಹೆಸರುಗಳೆಲ್ಲ ಇವರಿಗೆ ಒಂದೂ ತಪ್ಪದೆ ನೆನಪಿವೆ. ನನ್ನದು ಒಂದೇ ಒಂದು.

"ನಾಳೆ ಪೂಜಾ ನೋಡಿ ಒಯ್ಯಪಾ" ಎಂದೆ. ಅಷ್ಟೇ ಕೇಳಿದ್ದು.

ಮರುದಿನ ಶ್ರೀನಿವಾಸ ಅಣ್ಣನ ಹಿಂದೆ ಕೂತ. ಅಭಿಷೇಕದ ನೀರಿನ ಸದ್ದು, ಗಂಧ ತೇಯುವ ಸದ್ದು, ಅಡುಗೆಮನೆಯಿಂದಲೇ ನನಗೆ ಎಲ್ಲ ತಿಳಿಯುತ್ತಿತ್ತು. ನೈವೇದ್ಯದ ಗಂಟೆಯ ಹೊತ್ತಿಗೆ ಅನ್ನ ಒಯ್ದು ಮುಂದಿಟ್ಟೆ. ಪೆಟ್ಟಿಗೆ ಹೋಗುವ ದಿನವೆಂಬ ದುಃಖದಲ್ಲಿ ಅನ್ನದ ಮೇಲೆ ತುಪ್ಪ ಹಾಕುವುದು ಮರೆತೇಹೋಗಿತ್ತು.

"ಏ ಇವಳ! ತುಪ್ಪ ಎಲ್ಲಿ? ಇಷ್ಟ ವರ್ಷ ಆತು, ದೇವರಿಗೆ ಒಣಾ ಅನ್ನ ತಂದಿಡತಿಯಲ್ಲ, ಧ್ಯಾನ ಎಲ್ಲಿರ್ತದ ನಿಂದು? ಸೀನಾ, ನೀ ಏನ ನೋಡ್ತಿ? ಕಚ್ಚಿ ಸರಿ ಉಟ್ಟುಗೋ, ಬಾಲ ಜೋತಾಡ್ತದ."

ನಾನು ಅಲ್ಲೇ ನಿಂತುಬಿಟ್ಟೆ. ಎಷ್ಟೋ ತಿಂಗಳ ಮೇಲೆ ನನ್ನನ್ನು ಯಾರೋ ನನ್ನ ಮನೆಯಲ್ಲಿ ಗುರುತು ಹಿಡಿದಿದ್ದರು. ಶ್ರೀನಿವಾಸ ತಲೆ ಬಗ್ಗಿಸಿ ಕಚ್ಚೆ ಸರಿಮಾಡಿಕೊಂಡ. ಅವನ ಮೂಗಿನ ತುದಿಯಿಂದ ನೀರು ಪಂಚೆಯ ಮೇಲೆ ಬೀಳುತ್ತಿತ್ತು.

ಊಟವಾದ ಮೇಲೆ ಅವನು ಪೆಟ್ಟಿಗೆ ತೆರೆದು, ದೊಡ್ಡ ಸಾಲಿಗ್ರಾಮಗಳನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಸಣ್ಣದನ್ನು ಪೆಟ್ಟಿಗೆಯಲ್ಲೇ ಬಿಟ್ಟ. "ನನ್ನ ಪಾಲು ಒಯ್ತೀನಿ ವೈನಿ. ಇದು ಅಣ್ಣನ ಪಾಲು. ಅಂವಗ ನಮ್ಮನ್ನ ಬೈಲಿಕ್ಕರೆ ಒಬ್ಬ ದೇವರು ಇರ್ಲಿ" ಎಂದ. ಆಚಾರದವನಿಗೆ ಅದೆಷ್ಟು ಕಷ್ಟದ ಮಾತೆಂದು ನನಗೆ ಗೊತ್ತು. ಮರುದಿನ ನಮ್ಮವರು ಉಳಿದ ದೇವರು ಎಲ್ಲೆಂದು ಕೇಳಲಿಲ್ಲ. ಆ ಒಂದನ್ನೇ ತಟ್ಟೆಯ ನಡುವೆ ಇಟ್ಟು, ಪೂರ್ತಿ ಪೂಜೆ ಮಾಡಿದರು.

ಹೊರಬಾಗಿಲಿಗೆ ಈಗ ಎತ್ತರದಲ್ಲಿ ಇನ್ನೊಂದು ಚಿಲಕವಿದೆ. ಮಾತ್ರೆಗಳನ್ನು ಹೊತ್ತು ತಪ್ಪದೆ ಕೊಡುತ್ತೇನೆ. ಎದುರಿನಿಂದ "ಹಂಸಾ!" ಎಂದು ಕೂಗು ಬಂದರೆ ಕಿಟಕಿ ಮುಚ್ಚುವುದಿಲ್ಲ, ಆ ಗಂಟಲಿನಿಂದಲೇ ಇವರು ಸಿಕ್ಕದ್ದು. ಹೊಟ್ಟೆಕಿಚ್ಚು ಹೋಯಿತೆಂದು ಮಾತ್ರ ತಿಳಿಯಬೇಡಿ. ಅವಳು ದಿನಾ ಬೈಸಿಕೊಳ್ಳುತ್ತಾಳೆ, ಬೆಳಗಿನಿಂದ ರಾತ್ರಿಯವರೆಗೆ. ನನಗೆ ಸಿಗುವುದು ನೈವೇದ್ಯದ ಹೊತ್ತಿಗೆ, ಅದೂ ನಾನು ಉಪಾಯ ಮಾಡಿದರೆ. ಮಧ್ಯಾಹ್ನದ ಹೊತ್ತಿಗೆ ನಾನು ಮತ್ತೆ "ನೀವು". ದಿನಾ ಮಾಡುವುದಿಲ್ಲ, ದೇವರಿಗೂ ಬೇಸರವಾದೀತು. ಬಹಳ ಬೇಕೆನಿಸಿದ ದಿನ ಮಾತ್ರ.

ಇವತ್ತು ಅಂಥ ದಿನ. ಗಂಧ ತೇಯುವ ಸದ್ದು ನಿಂತಿತು, ಗಂಟೆ ಬಾರಿಸಿತು. ಬಿಸಿ ಅನ್ನವನ್ನು ಬೋಳಾಗಿಯೇ ಒಯ್ದು ದೇವರ ಮುಂದಿಟ್ಟು, ಬಾಗಿಲ ಹಿಂದೆ ಸರಿದು ನಿಂತೆ.

"ಏ ಇವಳ! ತುಪ್ಪ ಎಲ್ಲಿ?"

"ತಂದೆರಿ, ತಂದೆ" ಎಂದು ಅಡುಗೆಮನೆಗೆ ಹೋಗಿ, ತುಪ್ಪದ ಬಟ್ಟಲನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಲು ಒಲೆಯ ಮೇಲಿಟ್ಟೆ.